ಪರಿಚಯದ ಒಂದು ಮುಖ

ಕತ್ತಿನಿಂದ ಮೇಲಷ್ಟೇ ನೋಡಿದ ಹೆಂಗಸನ್ನು ರೈಲ್ವೆ ಸ್ಟೇಷನ್ನಿನಲ್ಲಿ ಗುರುತು ಹಿಡಿಯುವುದು ಅಂದುಕೊಂಡಷ್ಟು ಸುಲಭವಲ್ಲ. ಕೊಕ್ಕೆ ಮೇಷ್ಟ್ರು ಪ್ಲಾಟ್‌ಫಾರಂನ ತುದಿಯಲ್ಲಿ ನಿಂತು, ಇಳಿದು ಬರುವ ಒಂದೊಂದು ಮುಖವನ್ನೂ ಕಂಪ್ಯೂಟರಿನ ಚೌಕದೊಳಗೆ ಕೂರಿಸಿಕೊಂಡು ನೋಡುತ್ತಿದ್ದರು. ಒಂದು ವರ್ಷದಿಂದ ವಾರ ವಾರ ವಿಡಿಯೋ ಕಾಲ್‌ನಲ್ಲಿ ಕಂಡ ಮುಖ ಅದು. ಹಿಂದೆ ನೀಲಿ ಗೋಡೆ, ಭುಜದ ಪಕ್ಕಕ್ಕೆ ಒಣಗಿದ ಗಿಡದ ಒಂದು ಕುಂಡ. ಗೋಡೆಯೂ ಇಲ್ಲ, ಕುಂಡವೂ ಇಲ್ಲ ಅಂದಮೇಲೆ ಮುಖ ಒಂದನ್ನೇ ಇಟ್ಟುಕೊಂಡು ಪಾಪ ಮನುಷ್ಯ ಏನು ಮಾಡಬೇಕು?

ಜನವೆಲ್ಲ ಕರಗಿತು. ಗಾಬರಿಯಾದರೆ ಮೇಷ್ಟ್ರಿಗೆ ಕೆಮ್ಮು. ಕೆಮ್ಮಿದರು. ಅವರನ್ನು ದಾಟಿ ಹೋಗಿದ್ದ ಎತ್ತರದ ಹೆಂಗಸೊಬ್ಬರು ಟಕ್ಕನೆ ನಿಂತು ತಿರುಗಿದರು.

"ಈ ಕೆಮ್ಮು ನಂಗೊತ್ತು. ಮೈಕ್ ಆಫ್ ಮಾಡದೆ ವರ್ಷವೆಲ್ಲ ಕೆಮ್ಮಿದ್ದೀರಿ!"

"ಮೇಡಂ! ನೀವು ಇಷ್ಟು ಎತ್ತರ ಅಂತ ಗೊತ್ತೇ ಇರಲಿಲ್ಲ."

"ನಿಮಗೆ ಕಾಲಿದೆ ಅಂತಾನೇ ನಂಗೆ ಗೊತ್ತಿರಲಿಲ್ಲ ಬಿಡಿ."

ಇಬ್ಬರೂ ನಕ್ಕರು. ನಗು ಮುಗಿದ ಮೇಲೆ ಏನು ಮಾಡುವುದು ಅಂತ ಇಬ್ಬರಿಗೂ ತಿಳಿಯಲಿಲ್ಲ. ಕಾಲ್ ಆಗಿದ್ದರೆ ಯಾರಾದರೂ 'ಕೇಳಿಸ್ತಾ ಇದೆಯಾ' ಅನ್ನಬಹುದಿತ್ತು. ಇಲ್ಲಿ ಎಲ್ಲವೂ ಕೇಳಿಸುತ್ತಿತ್ತು.

ಮೇಷ್ಟ್ರಿಗೆ ನಲವತ್ತು ದಾಟಿದೆ, ಮದುವೆಯಾಗಿಲ್ಲ. ವಿಶ್ವವಿದ್ಯಾಲಯದಲ್ಲಿ ಭಾಷೆಯ ಪದಗಳನ್ನು ಬಿಡಿಸಿ ನೋಡುವುದನ್ನು ಕಂಪ್ಯೂಟರಿಗೆ ಕಲಿಸುವುದು ಅವರ ಕೆಲಸ. ಯಾರು ಏನು ಬರೆದು ತಂದರೂ ಒಂದು ಕೊಕ್ಕೆ ಹಾಕದೆ ವಾಪಸು ಕೊಟ್ಟವರಲ್ಲ. ಬಂದ ಸಂಬಂಧಗಳಿಗೂ ಹಾಗೆಯೇ ಕೊಕ್ಕೆ ಹಾಕಿ ಹಾಕಿ ಒಂಟಿಯಾಗಿ ಉಳಿದರು. ಮೇಡಂ ಗಡಿಯಾಚೆಯ ಇನ್ನೊಂದು ದೇಶದವರು, ರೈಲಿನಲ್ಲಿ ಬಂದು ಹೋಗುವಷ್ಟು ದೂರ. ಕಂಪ್ಯೂಟರಿಗೆ ಮನುಷ್ಯರ ಮಾತನ್ನು ಕೇಳಿಸಿಕೊಳ್ಳುವುದು, ಆಡುವುದು ಎರಡನ್ನೂ ಕಲಿಸುತ್ತಾರೆ. ಹಾಗಾಗಿ ಎಲ್ಲರ ಬಾಯಲ್ಲೂ ಧ್ವನಿ ಮೇಡಂ. ಎರಡೂ ವಿಶ್ವವಿದ್ಯಾಲಯಗಳು ಸೇರಿ ಭಾಷಾ ತಂತ್ರಜ್ಞಾನದಲ್ಲಿ ಒಂದು ಜಂಟಿ ಎಂ.ಎ. ಶುರು ಮಾಡಬೇಕು ಅಂತ ಹೊರಟಿದ್ದವು. ಅಲ್ಲಿಗೆ ಮೇಡಂ ಸಂಯೋಜಕಿ, ಇಲ್ಲಿಗೆ ಮೇಷ್ಟ್ರು. ಈ ವಾರ ಕೂತು ಒಪ್ಪಂದವನ್ನು ಪೂರ್ತಿ ಮಾಡಿ ಸಹಿ ಹಾಕುವುದಿತ್ತು.

ಸ್ಟೇಷನ್ನಿನ ದೊಡ್ಡ ಹಾಲಿಗೆ ಬಂದಾಗ ಮೇಡಂ ಸೂಟ್‌ಕೇಸ್ ಇಳಿಸಿ, ಕಣ್ಣು ಮುಚ್ಚಿ, ಪಟ್ ಅಂತ ಒಂದು ಚಪ್ಪಾಳೆ ತಟ್ಟಿದರು. ಟಿಕೆಟ್ ಸಾಲಿನಲ್ಲಿದ್ದವರು ತಿರುಗಿ ನೋಡಿದರು.

"ಏನ್ ಮೇಡಂ ಇದು?"

"ಹೊಸ ಜಾಗಕ್ಕೆ ಹೋದ್ರೆ ಒಂದು ಚಪ್ಪಾಳೆ. ವಾಪಸ್ ಬರೋ ಸದ್ದಲ್ಲಿ ಜಾಗ ಎಂಥದು ಅಂತ ಗೊತ್ತಾಗಿಬಿಡುತ್ತೆ. ಇದು ಒಳ್ಳೇ ಜಾಗ. ಕೊಟ್ಟಿದ್ದನ್ನ ಇಟ್ಕೊಳ್ಳಲ್ಲ."

ಕಾರಿನಲ್ಲಿ ಕೂತ ಮೇಲೆ, ಸೀಟ್‌ಬೆಲ್ಟ್ ಎಳೆಯುತ್ತ, ಏನೂ ಅಲ್ಲವೆಂಬಂತೆ ಮೇಡಂ ಹೇಳಿದರು. "ಒಂದು ಮಾತು ಎದುರಿಗೇ ಹೇಳಬೇಕು ಅಂತ ಇಟ್ಕೊಂಡಿದ್ದೆ. ಮೊದಲನೇ ಮೀಟಿಂಗಲ್ಲಿ ನೀವು ಒಬ್ಬ ಜಗಳಗಂಟ ಅನ್ನಿಸಿತ್ತು ನನಗೆ. ಆಮೇಲೆ ನಿಮ್ಮ ಆ ವಾಕ್ಯ ಓದಿದೆ. 'ಹೊಸ ಊರಿನಲ್ಲಿ ಮಕ್ಕಳಿಗೆ ಪರಿಚಯದ ಒಂದು ಮುಖ ಇರಬೇಕು.' ಆವತ್ತಿಂದ ನಿಮ್ಮ ಕಾಲ್ ಅಂದ್ರೆ ತಲೆ ಬಾಚ್ಕೊಂಡು ಕೂರೋಕೆ ಶುರು ಮಾಡಿದೆ."

ಮೇಷ್ಟ್ರು ಗೇರ್ ಹಾಕಲು ಹೋಗಿ ವೈಪರ್ ಹಾಕಿದರು.

"ನಾನು ಓದೋಕೆ ಅಂತ ಮೊದಲ ಸಲ ಹೊರದೇಶಕ್ಕೆ ಹೋದಾಗ ಜ್ವರ ಬಂದು ಮಲಗಿದ್ದೆ," ಅಂದರು ಮೇಡಂ, ಒಣ ಗಾಜಿನ ಮೇಲೆ ಕಿರುಗುಟ್ಟುವ ವೈಪರ್ ನೋಡುತ್ತ. "ಇಡೀ ಊರಲ್ಲಿ ನನ್ನ ಹೆಸರು ಸರಿಯಾಗಿ ಹೇಳೋರು ಒಬ್ರೂ ಇರಲಿಲ್ಲ. ಕೊನೆಗೆ ಬಾಗಿಲು ತಟ್ಟಿದ್ದು ಯಾರು ಗೊತ್ತಾ? ನೀರಿನ ಮೀಟರ್ ನೋಡೋನು! ಅವನ ಮುಂದೆ ಗೊಳೋ ಅಂತ ಅತ್ತುಬಿಟ್ಟೆ. ಪಾಪ, ಮೀಟರ್ ಕೆಟ್ಟಿದೆ ಅಂದ್ಕೊಂಡ. ನಿಮ್ಮ ವಾಕ್ಯ ಓದಿದಾಗ, ಇದನ್ನ ಯಾರೋ ಒಬ್ರು ಅರ್ಥ ಮಾಡ್ಕೊಂಡಿದಾರೆ ಅನ್ನಿಸ್ತು."

ಮೇಷ್ಟ್ರು ತಲೆಯಾಡಿಸಿದರು. ಅರ್ಥ ಮಾಡಿಕೊಂಡವರ ಹಾಗೆಯೇ ಆಡಿಸಿದರು.

ಆ ವಾಕ್ಯದ ಕತೆ ಬೇರೆಯೇ ಇತ್ತು. ಮೊದಲ ಕರಡು ವಿಭಾಗದ ಮುಖ್ಯಸ್ಥರದು. ಅದರಲ್ಲಿ ಇಬ್ಬರು ಸಂಯೋಜಕರೂ ಒಟ್ಟಿಗೇ ಪಾಠ ಮಾಡಬೇಕು, ಅರ್ಧ ಕಾಲ ಇಲ್ಲಿ, ಅರ್ಧ ಕಾಲ ಅಲ್ಲಿ ಅಂತ ಇತ್ತು. ಮೊದಲ ಮೀಟಿಂಗಿನಲ್ಲಿ ಧ್ವನಿ ಮೇಡಂ ಮೇಷ್ಟ್ರ ಅಚ್ಚುಮೆಚ್ಚಿನ ಕೋರ್ಸನ್ನು ನೋಡಿ, "ಇದನ್ನ ಪಾಠ ಮಾಡೋದಕ್ಕಿಂತ ಮ್ಯೂಸಿಯಂನಲ್ಲಿ ಇಡಬಹುದು" ಅಂದುಬಿಟ್ಟರು. ಎಲ್ಲರೂ ನಕ್ಕರು. ಮೇಷ್ಟ್ರ ಕಿವಿ ಕೆಂಪಾಯಿತು. ಈ ಹೆಂಗಸಿನ ಜೊತೆ ಒಂದೇ ಸ್ಟಾಫ್ ರೂಮಿನಲ್ಲಿ ವರ್ಷವೆಲ್ಲ ಚಹಾ ಕುಡಿಯುವುದೇ? ಸಾಧ್ಯವಿಲ್ಲ. ಅದೇ ಸಂಜೆ ಹೊಸ ವಾಕ್ಯ ಬರೆದು ತೂರಿಸಿದರು. ಎರಡನೇ ವರ್ಷ ಇಲ್ಲಿಯ ವಿದ್ಯಾರ್ಥಿಗಳು ಅಲ್ಲಿಗೆ ಹೋಗುವಾಗ ಇಲ್ಲಿಯ ಸಂಯೋಜಕರೂ ಜೊತೆಗೆ ಹೋಗಬೇಕು. ಅಲ್ಲಿಯವರು ಇಲ್ಲಿಗೆ ಬರುವಾಗ ಅಲ್ಲಿಯ ಸಂಯೋಜಕರು ಬರಬೇಕು. ಬಾವಿಯ ರಾಟೆಗೆ ಕಟ್ಟಿದ ಎರಡು ಕೊಡಗಳ ಹಾಗೆ, ಒಂದು ಮೇಲೆ ಬಂದರೆ ಇನ್ನೊಂದು ಕೆಳಗೆ. ಇಬ್ಬರೂ ಎಂದೂ ಒಂದೇ ಊರಿನಲ್ಲಿ ಇರುವಂತಿಲ್ಲ. ಸುಮ್ಮನೆ ಬರೆದರೆ ಅನುಮಾನ ಬರುತ್ತದಲ್ಲ, ಮೇಲೊಂದು ಚೆಂದದ ಕಾರಣ ಬೇಕಿತ್ತು. ಮಕ್ಕಳು, ಹೊಸ ಊರು, ಪರಿಚಯದ ಒಂದು ಮುಖ. ಸಿಟ್ಟಿಗೆ ರೇಷ್ಮೆ ಹೊದಿಸಿದಂತೆ.

ಆ ರೇಷ್ಮೆಗೇ ಮೇಡಂ ಮನಸೋತಿದ್ದರು. ಅದಾದ ಮೇಲೆ ವಾರ ವಾರ ಮಾತು ಬೆಳೆಯಿತು. ಮೀಟಿಂಗ್ ಮುಗಿದು ಎಲ್ಲರೂ ಹೋದ ಮೇಲೂ ಇಬ್ಬರ ಚೌಕಗಳು ಮಾತ್ರ ಉಳಿಯತೊಡಗಿದವು. ಮೇಷ್ಟ್ರು ಯಾವಾಗ ಸೋತರು ಅಂತ ಅವರಿಗೇ ತಿಳಿಯಲಿಲ್ಲ. ತಿಳಿದಾಗ ವಾಕ್ಯ ಎಲ್ಲ ಕಮಿಟಿಗಳಲ್ಲೂ ಪಾಸಾಗಿ ಕೂತಿತ್ತು.

* * *

ಜಂಟಿ ಪದವಿ ಅಂದರೆ ಹುಡುಗಾಟವಲ್ಲ. ಸರ್ಟಿಫಿಕೇಟಿನ ಎಡಗಡೆ ಯಾರ ಲಾಂಛನ? ಇಲ್ಲಿ ಪಾಸಾದ ಮಾರ್ಕು ಅಲ್ಲಿ ಫೇಲು, ಅದಕ್ಕೇನು ಮಾಡುವುದು? ಪ್ರಬಂಧಕ್ಕೆ ಇಬ್ಬರು ಗೈಡ್ ಇದ್ದು, ಇಬ್ಬರೂ ಜಗಳವಾಡಿದರೆ ವಿದ್ಯಾರ್ಥಿ ಯಾರ ಮಾತು ಕೇಳಬೇಕು?

"ಮದುವೆ ಮಾತುಕತೆ ಇದಕ್ಕಿಂತ ಸಲೀಸು ಕಣ್ರೀ," ಅಂದರು ಮುಖ್ಯಸ್ಥರು, ಬಿಸ್ಕತ್ತನ್ನು ಚಹಾದಲ್ಲಿ ಅದ್ದುತ್ತ. "ಅಲ್ಲಿ ಊಟಾನಾದ್ರೂ ಸಿಗುತ್ತೆ."

ಮೇಡಂ ಮೇಷ್ಟ್ರ ಎದುರಿನ ಕುರ್ಚಿಯಲ್ಲಿದ್ದರು. ಮೇಷ್ಟ್ರು ಕೊಕ್ಕೆ ಹಾಕಲು ಬಾಯಿ ತೆರೆದಾಗಲೆಲ್ಲ, ಕಣ್ಣನ್ನು ಕಾಗದದ ಮೇಲೆಯೇ ಇಟ್ಟುಕೊಂಡು, ಬಿಸ್ಕತ್ತಿನ ತಟ್ಟೆಯನ್ನು ಒಂದು ಬೆರಳಿನಿಂದ ಮೆಲ್ಲಗೆ ಅವರ ಕಡೆಗೆ ತಳ್ಳುತ್ತಿದ್ದರು. ಮೇಷ್ಟ್ರು ಬಾಯಿ ಮುಚ್ಚಿ ಬಿಸ್ಕತ್ತು ತೆಗೆದುಕೊಳ್ಳುತ್ತಿದ್ದರು. ಮೇಡಂ ತುಟಿಯ ಒಂದು ಮೂಲೆ ಮಾತ್ರ ಮೇಲಕ್ಕೆ ಹೋಗುತ್ತಿತ್ತು. ಆ ಮೂಲೆ ನೋಡಲಿಕ್ಕೆಂದೇ ಮೇಷ್ಟ್ರು ಬೇಡದ ಕಡೆಯೂ ಬಾಯಿ ತೆರೆದರು. ಮಧ್ಯಾಹ್ನದೊಳಗೆ ತಟ್ಟೆ ಖಾಲಿ.

"ಇನ್ನು ಈ ಪರಿಚಯದ ಮುಖದ ಅಂಶ," ಅಂದರು ಮುಖ್ಯಸ್ಥರು. "ಇಡೀ ಒಪ್ಪಂದದಲ್ಲಿ ಮನುಷ್ಯರು ಬರೆದ ಹಾಗಿರೋದು ಇದೊಂದೇ. ಬರೆದಿದ್ದು ನಮ್ಮ ಕೊಕ್ಕೆ ಅಂದ್ರೆ ಯಾರೂ ನಂಬಲ್ಲ."

ಮೇಜು ತಟ್ಟಿ ಎಲ್ಲರೂ ಮೆಚ್ಚಿದರು. ಮೇಡಂ ಕೂಡ. ಕಣ್ಣೆತ್ತಿ, ನೇರವಾಗಿ, ತುಂಬ ಹೆಮ್ಮೆಯಿಂದ ಅವರನ್ನು ನೋಡಿದರು. ಕದ್ದ ಸರವನ್ನು ಕೊರಳಿಗೆ ಹಾಕಿಕೊಂಡು ಮೆರವಣಿಗೆ ಹೊರಟವನ ಹಾಗೆ ಮೇಷ್ಟ್ರು ಕುಗ್ಗಿ ಕೂತರು.

ಸಂಜೆ ನೇರ ಅಕ್ಕನ ಅಂಗಡಿಗೆ ಹೋದರು. ಅಕ್ಕನದು ಕನ್ನಡಕದ ಅಂಗಡಿ. ಗೋಡೆ ತುಂಬ ಕಣ್ಣಿಲ್ಲದ ಕನ್ನಡಕಗಳು ತಮ್ಮನನ್ನೇ ದಿಟ್ಟಿಸಿದವು.

"ಇಸ್ತ್ರಿ ಅಂಗಿ ಬೇರೆ! ಆ ಮೇಡಂ ಬಂದ್ರಾ?" ಅಂದಳು ಅಕ್ಕ. "ಮತ್ತೆ ಮುಖ ಯಾಕೋ ಹಳೇ ಚಪ್ಪಲಿ ಥರ ಇದೆ?"

ಮೇಷ್ಟ್ರು ಎಲ್ಲ ಹೇಳಿದರು. ಅಕ್ಕ ಒಂದು ಗಾಜನ್ನು ಉಜ್ಜುತ್ತಲೇ ಇದ್ದಳು.

"ಅಂದ್ರೆ ದೂರ ಇಡೋಕೆ ಬರೆದಿದ್ದು ಹತ್ತಿರ ತಂದುಬಿಡ್ತು."

"ನಗಬೇಡ ಅಕ್ಕ."

"ನಗ್ತಾ ಇಲ್ಲ ಕಣೋ. ಆಕೆ ಇಷ್ಟಪಟ್ಟಿರೋದು ಆ ವಾಕ್ಯ ಬರೆದ ಒಳ್ಳೆಯವನನ್ನ. ಅವನು ನೀನಲ್ಲ. ಇನ್ನೊಬ್ಬನಿಗೆ ಬಂದ ಪ್ರೀತೀನ ಎಷ್ಟು ದಿನ ನೀನು ಬಾಗಿಲಲ್ಲಿ ನಿಂತು ಇಸ್ಕೋತೀಯ?"

"ಹೇಳಿದ್ರೆ ಹೋಗಿಬಿಡ್ತಾರೆ."

"ಹೇಳದೆ ಇದ್ರೂ ಹೋಗ್ತಾರೆ. ಹೋಗೋದು ಅಂತ ನೀನೇ ಬರೆದಿಟ್ಟಿದೀಯಲ್ಲೋ, ದಡ್ಡ!"

* * *

ಮರುದಿನ ಪ್ರಯೋಗಾಲಯ ತೋರಿಸುವ ಕೆಲಸ ಮೇಷ್ಟ್ರ ಪಾಲಿಗೆ ಬಂತು. ಕೊನೆಗೆ ಧ್ವನಿಮುದ್ರಣದ ಪುಟ್ಟ ಕೋಣೆ. ಇಬ್ಬರು ನಿಂತರೆ ಮೂರನೆಯವರಿಗೆ ಜಾಗವಿಲ್ಲ. ಗೋಡೆಗೆಲ್ಲ ದಪ್ಪ ಸ್ಪಂಜು. ಬಾಗಿಲು ಮುಚ್ಚಿದಾಗ ಹೊರಗಿನ ಲೋಕ ಸ್ವಿಚ್ ಆರಿಸಿದಂತೆ ನಿಂತಿತು.

ಮೇಡಂ ಚಪ್ಪಾಳೆ ತಟ್ಟಿದರು. ಸದ್ದು ಅಂಗೈಯಲ್ಲೇ ಸತ್ತಿತು.

"ಇಲ್ಲಿ ಗೋಡೆ ಏನೂ ಹೇಳಲ್ಲ," ಅಂದರು. "ಮನುಷ್ಯರೇ ಹೇಳ್ಬೇಕು."

ಮೇಷ್ಟ್ರು ಸುಮ್ಮನೆ ಮೈಕಿನ ವೈರು ನೇರ ಮಾಡಿದರು. ಅದು ನೇರವಾಗಿಯೇ ಇತ್ತು.

"ಸರಿ, ನಾನೇ ಹೇಳ್ತೀನಿ," ಅಂದರು ಮೇಡಂ. ಅವರ ದನಿ ತೀರ ಹತ್ತಿರದಲ್ಲಿತ್ತು, ಕಿವಿಯೊಳಗೇ ಹುಟ್ಟಿದ ಹಾಗೆ. "ನಂಗೆ ಒಂದು ನಾಚಿಕೆಗೇಡಿನ ಆಸೆ ಬಂತು. ನಿಮ್ಮ ಆ ವಾಕ್ಯಾನ ತೆಗೆಸಿಬಿಡೋಣ ಅಂತ. ಅದು ಇದ್ರೆ ನಾವಿಬ್ರೂ ಒಂದೂರಲ್ಲಿ ಇರೋ ಹಾಗೇ ಇಲ್ವಲ್ಲ. ನಂಗೆ ನಿಮ್ಮ ಊರಲ್ಲಿ, ನೀವಿರೋವಾಗ ಇರಬೇಕು. ಅಷ್ಟೇ. ಆಮೇಲೆ ನಿದ್ದೆ ಬರಲಿಲ್ಲ. ಇವರು ಯಾರದೋ ಮಕ್ಕಳಿಗೋಸ್ಕರ ಇಷ್ಟು ಯೋಚಿಸಿದಾರೆ, ನಾನು ನೋಡಿದ್ರೆ ನನ್ನ ಬಗ್ಗೆ ಯೋಚಿಸ್ತಿದೀನಿ ಅಂತ. ಕ್ಷಮಿಸಿ ಮೇಷ್ಟ್ರೇ."

ತಪ್ಪು ಮಾಡಿದವನ ಮುಂದೆ ತಪ್ಪು ಮಾಡದವರು ಕ್ಷಮೆ ಕೇಳಿದರೆ ಅದನ್ನು ತಡೆದುಕೊಳ್ಳುವ ಗಟ್ಟಿತನ ಮೇಷ್ಟ್ರಿಗೆ ಇರಲಿಲ್ಲ. ಬೆನ್ನು ಸ್ಪಂಜಿಗೆ ಒತ್ತಿಕೊಂಡಿತು. ಹಿಂದೆ ಸರಿಯಲು ಜಾಗವಿಲ್ಲ.

"ಅದನ್ನ ಮಕ್ಕಳಿಗೋಸ್ಕರ ಬರೀಲಿಲ್ಲ ಮೇಡಂ. ನಿಮ್ಮಿಂದ ತಪ್ಪಿಸಿಕೊಳ್ಳೋಕೆ ಬರೆದೆ. ಮ್ಯೂಸಿಯಂ ಅಂದ್ರಲ್ಲ, ಆವತ್ತೇ ಸಂಜೆ. ಒಂದೇ ಊರಲ್ಲಿ ನಿಮ್ಮ ಮುಖ ನೋಡೋ ಹಾಗೇ ಇರಬಾರದು ಅಂತ ಲೆಕ್ಕ ಹಾಕಿ ಬರೆದೆ."

"ಪರಿಚಯದ ಮುಖ?"

"ಚೆನ್ನಾಗಿ ಕಾಣೋ ಒಂದು ಕಾರಣ ಬೇಕಿತ್ತು."

ಮೇಡಂ ಕಣ್ಣು ಮುಚ್ಚಿದರು. ಯಾವುದನ್ನಾದರೂ ಸರಿಯಾಗಿ ಕೇಳಿಸಿಕೊಳ್ಳಬೇಕಾದಾಗ ಹಾಗೆ ಮುಚ್ಚುತ್ತಿದ್ದರು.

"ಕಾರಲ್ಲಿ ಜ್ವರದ ವಿಷಯ ಹೇಳಿದೆ. ಸುಮ್ಮನಿದ್ರಿ."

"ಸುಮ್ಮನಿದ್ದೆ."

"ತಲೆ ಬೇರೆ ಆಡಿಸಿದ್ರಿ."

"ಆಡಿಸಿದೆ."

"ವರ್ಷವೆಲ್ಲ ನಿಮ್ಮ ದನಿ ಕೇಳಿದೀನಿ. ಅದರಲ್ಲಿ ಎಲ್ಲೋ ಒಂದು ಕಡೆ ಇದು ನನಗೆ ಕೇಳಿಸಬೇಕಿತ್ತು. ನನ್ನ ಕೆಲಸವೇ ಅದು." ಕಣ್ಣು ತೆರೆದರು. ಕಣ್ಣಲ್ಲಿ ನೀರಿರಲಿಲ್ಲ, ಅದಕ್ಕಿಂತ ಕೆಟ್ಟದ್ದಿತ್ತು. ಅಪರಿಚಿತರನ್ನು ನೋಡುವ ಮರ್ಯಾದೆ. "ಬಾಗಿಲು ತೆಗೀತೀರಾ ಸರ್?"

ಅಲ್ಲಿಯವರೆಗೆ ಮೇಷ್ಟ್ರೇ ಆಗಿದ್ದವರು ಸರ್ ಆದರು. ಬಾಗಿಲು ತೆಗೆದರು.

* * *

ಸಹಿಯ ದಿನ. ಬಿಸ್ಕತ್ತಿನ ತಟ್ಟೆ ಮೇಜಿನ ನಡುವೆ ತುಂಬಿಕೊಂಡೇ ಇತ್ತು. ಯಾರೂ ತಳ್ಳಲಿಲ್ಲ. ಮುಖ್ಯಸ್ಥರು ಪೆನ್ನಿನ ಮುಚ್ಚಳ ತೆಗೆಯುವಾಗ ಮೇಷ್ಟ್ರು ಎದ್ದು ನಿಂತರು.

"ಅಯ್ಯೋ, ಈಗ ಯಾವುದಕ್ಕೆ ಕೊಕ್ಕೆ ಮಾರಾಯ?"

"ನಾನು ಬರೆದಿದ್ದಕ್ಕೇ ಸರ್. ಆ ಪರಿಚಯದ ಮುಖದ ಅಂಶ. ಅದನ್ನ ಒಳ್ಳೇ ಮನಸ್ಸಿಂದ ಬರೀಲಿಲ್ಲ. ನನ್ನ ಸ್ವಂತದ ಒಂದು ಸಿಟ್ಟಿತ್ತು, ಅದಕ್ಕೆ ಬರೆದೆ. ನೀವೆಲ್ಲ ಹೊಗಳಿದ್ದನ್ನ ಸುಮ್ಮನೆ ಕೇಳ್ಕೊಂಡು ಕೂತಿದ್ದೂ ತಪ್ಪು. ತೆಗೆದುಬಿಡಿ."

ಹೇಳುತ್ತಿರುವಾಗಲೇ ಇನ್ನೊಂದು ಚುಚ್ಚಿತು. ತೆಗೆಯಿರಿ ಅನ್ನುತ್ತಿರುವುದು ಪಶ್ಚಾತ್ತಾಪವೇ, ಅಥವಾ ವಾಕ್ಯ ಹೋದರೆ ಒಂದೇ ಊರಿನಲ್ಲಿ ಇರಬಹುದೆಂಬ ದುರಾಸೆಯೇ? ಬಗೆಹರಿಯಲಿಲ್ಲ. ಒಳ್ಳೆಯದು ಮಾಡಲು ಹೊರಟಾಗಲೂ ತನ್ನ ಕೈ ಕೊಳಕಾಗಿಯೇ ಕಂಡಿತು.

ಮುಖ್ಯಸ್ಥರು ಗಂಟಲು ಸರಿಮಾಡಿಕೊಂಡು ಮೇಡಂ ಕಡೆ ನೋಡಿದರು. ಮೇಡಂ ಮೇಷ್ಟ್ರನ್ನು ನೋಡಲಿಲ್ಲ.

"ಇರಲಿ ಸರ್ ಅದು," ಅಂದರು. "ಬರೆದವರು ಯಾಕೆ ಬರೆದ್ರು ಅನ್ನೋದು ಜ್ವರ ಬಂದ ಮಗುವಿಗೆ ಬೇಕಾಗಿಲ್ಲ. ಬಾಗಿಲು ತಟ್ಟೋಕೆ ಒಬ್ರು ಬೇಕು. ನನ್ನ ಮತ ಅದಕ್ಕೇ."

ಒಂದೊಂದಾಗಿ ಕೈಗಳು ಎದ್ದವು. ಮೇಷ್ಟ್ರು ತಮ್ಮ ಕೈಯನ್ನು ನೋಡಿಕೊಂಡರು. ಅದು ಎದ್ದರೆ ಈ ಹೆಂಗಸು ತನ್ನ ಊರಿನಲ್ಲಿ ತನ್ನ ಜೊತೆ ಇರುವುದಿಲ್ಲ. ಕೋಪ ಇಳಿದರೂ ಇರುವುದಿಲ್ಲ. ಆದರೂ ಎತ್ತಿದರು. ಒಂದು ವರ್ಷದ ಮೇಲೆ, ಅದೇ ವಾಕ್ಯಕ್ಕೆ, ಈ ಸಲ ಮಕ್ಕಳಿಗೋಸ್ಕರ.

ಸ್ಟೇಷನ್ನಿಗೆ ಬಿಡಲು ಮೇಷ್ಟ್ರೇ ಹೋದರು. ರೈಲು ಬಂದ ಮೇಲೆ ಮೇಡಂ ಮೆಟ್ಟಿಲ ಮೇಲೆ ನಿಂತು ಹೇಳಿದರು. "ನಂಗೆ ಕೋಪ ಹೋಗಿಲ್ಲ."

"ಗೊತ್ತು."

"ನಮ್ಮೂರಿಗೆ ಬರ್ತೀರಲ್ಲ, ಬಂದು ಆ ವಾಕ್ಯಾನ ನಿಜ ಮಾಡಿ. ಮಿಕ್ಕಿದ್ದು ಆಮೇಲೆ."

* * *

ಪದವಿ ಶುರುವಾಯಿತು. ಮೊದಲ ವರ್ಷವೆಲ್ಲ ಮೀಟಿಂಗಿನಲ್ಲಿ ಮಾರ್ಕು, ಹಾಜರಿ, ನಮಸ್ಕಾರ ಅಷ್ಟೇ. ಮೀಟಿಂಗ್ ಮುಗಿದಾಗ ಮೇಡಂ ಚೌಕ ಎಲ್ಲರಿಗಿಂತ ಮೊದಲು ಮಾಯವಾಗುತ್ತಿತ್ತು. ಎರಡನೇ ವರ್ಷ ರಾಟೆ ತಿರುಗಿತು. ಮೇಷ್ಟ್ರು ತಮ್ಮ ವಿದ್ಯಾರ್ಥಿಗಳೊಂದಿಗೆ ಅಲ್ಲಿಗೆ ಹೋದರು, ಮೇಡಂ ತಮ್ಮವರೊಂದಿಗೆ ಇಲ್ಲಿಗೆ ಬಂದರು. ಮೇಷ್ಟ್ರಿಗೆ ಸಿಕ್ಕಿದ್ದು ಮೇಡಂ ಕೋಣೆಯೇ. ಅದೇ ನೀಲಿ ಗೋಡೆ, ಅದೇ ಕುಂಡ. ಮೊದಲ ಮೀಟಿಂಗಿನ ಕೊನೆಗೆ ಅವರು ಹೇಳಿದರು, "ಮೇಡಂ, ನಿಮ್ಮ ಗಿಡ ಸತ್ತಿದೆ."

"ಗೊತ್ತು. ಹೇಳ್ತೀರೋ ಇಲ್ವೋ ಅಂತ ನೋಡಿದೆ." ಚೌಕ ಮಾಯವಾಯಿತು. ಆದರೆ ಎಲ್ಲರಿಗಿಂತ ಮೊದಲಲ್ಲ.

ಚಳಿ ಶುರುವಾದಾಗ ಒಬ್ಬಳು ಹುಡುಗಿ ಕ್ಲಾಸಿಗೆ ಬರಲಿಲ್ಲ. ಫೋನ್ ಎತ್ತಲಿಲ್ಲ. ಮೇಷ್ಟ್ರು ಹಾಸ್ಟೆಲಿನ ಮೆಟ್ಟಿಲು ಹತ್ತಿ ಬಾಗಿಲು ತಟ್ಟಿದರು. ಕಂಬಳಿ ಹೊದ್ದು, ಕಣ್ಣು ಕೆಂಪಾಗಿ, ಆ ಹುಡುಗಿ ಬಾಗಿಲು ತೆಗೆದು, "ಸರ್, ನೀವಾ!" ಅಂದಿದ್ದೇ ಅಳಲಿಕ್ಕೆ ಶುರು ಮಾಡಿದಳು. ಕೊಂಡುಹೋಗಿದ್ದ ಮಾತ್ರೆ, ಹಾಲು, ಬ್ರೆಡ್ಡು ಕೈಯಲ್ಲೇ ಇತ್ತು. ಮೇಷ್ಟ್ರು ಹೊಸ್ತಿಲಲ್ಲಿ ತಲೆ ತಗ್ಗಿಸಿ ನಿಂತರು. ಸುಳ್ಳಾಗಿ ಬರೆದ ಮಾತು ಎದುರಿಗೆ ಇಷ್ಟು ನಿಜವಾಗಿ ಮೂಗು ಒರೆಸಿಕೊಳ್ಳುತ್ತಿತ್ತು.

ಇದನ್ನು ಅವರು ಮೇಡಂಗೆ ಹೇಳಲಿಲ್ಲ. ಹೇಳಿದರೆ ಮಾರ್ಕು ಕೇಳಿದ ಹಾಗಾಗುತ್ತದಲ್ಲ. ಹುಡುಗಿಯರ ಬಾಯಿಂದ ಹುಡುಗಿಯರಿಗೆ ಹೋಗಿ, ಅದು ತಾನಾಗಿಯೇ ಮೇಡಂ ಕಿವಿಗೆ ಮುಟ್ಟಿತು.

ವರ್ಷ ಮುಗಿದು ಎರಡೂ ಕಡೆಯವರು ತಂತಮ್ಮ ಊರಿಗೆ ಮರಳುವಾಗ ಟಿಕೆಟಿನ ತಾರೀಖು ಮೇಡಂ ಕಡೆಯಿಂದ ಬಂತು, ಎರಡೂ ಗುಂಪಿಗೆ ಒಂದೇ ದಿನ. ನಡುದಾರಿಯ ದೊಡ್ಡ ಜಂಕ್ಷನ್ನಿನಲ್ಲಿ ರೈಲು ಬದಲಿಸಬೇಕು. ಮೇಷ್ಟ್ರು ಇಳಿದಾಗ ಪಕ್ಕದ ಪ್ಲಾಟ್‌ಫಾರಂನಲ್ಲಿ ಇನ್ನೊಂದು ಗುಂಪು ಇಳಿಯುತ್ತಿತ್ತು. ಎಲ್ಲರಿಗಿಂತ ಎತ್ತರದ ಒಂದು ತಲೆ. ಈ ಸಲ ಗುರುತು ಹಿಡಿಯಲು ಕೆಮ್ಮು ಬೇಕಾಗಲಿಲ್ಲ.

ವಿದ್ಯಾರ್ಥಿಗಳು ಬೆರೆತು ಗಲಾಟೆ ಎಬ್ಬಿಸಿ ಕಾಫಿ ಅಂಗಡಿಗೆ ನುಗ್ಗಿದರು. ಇಬ್ಬರೂ ಖಾಲಿ ವೇಟಿಂಗ್ ಹಾಲಿನ ನಡುವೆ ಉಳಿದರು.

"ಈ ಜಂಕ್ಷನ್ನಿನ ಬಗ್ಗೆ ನಿಮ್ಮ ವಾಕ್ಯದಲ್ಲಿ ಏನೂ ಇಲ್ಲ," ಅಂದರು ಮೇಡಂ.

"ಬರೆಯುವಾಗ ಹೊಳೀಲಿಲ್ಲ."

"ಹೊಳೆದಿದ್ರೆ ಇದನ್ನೂ ತಪ್ಪಿಸ್ತಿದ್ರಿ."

"ಆವತ್ತಾಗಿದ್ರೆ ಹೌದು. ಖಂಡಿತ ತಪ್ಪಿಸ್ತಿದ್ದೆ."

ಮೇಡಂ ಕಣ್ಣು ಮುಚ್ಚಿ ಕೇಳಿಸಿಕೊಂಡರು. ತುಟಿಯ ಒಂದು ಮೂಲೆ ಮೇಲಕ್ಕೆ ಹೋಯಿತು. ಆಮೇಲೆ ಇನ್ನೊಂದೂ ಹೋಯಿತು.

"ಮೇಷ್ಟ್ರೇ," ಅಂದರು, ಎಷ್ಟೋ ಕಾಲದ ಮೇಲೆ. "ಈ ಜಾಗ ಹೊಸದು. ನಾನಿನ್ನೂ ಕೇಳಿಸಿಕೊಂಡಿಲ್ಲ."

ಒಂದೇ ಅಂಗೈ ಎತ್ತಿ, ಗಾಳಿಯಲ್ಲಿ ಹಿಡಿದು ಕಾದರು. ಮೇಷ್ಟ್ರಿಗೆ ಅರ್ಥವಾಗಲು ಸ್ವಲ್ಪ ಹೊತ್ತೇ ಹಿಡಿಯಿತು. ಕೊನೆಗೆ ತಮ್ಮ ಕೈ ಎತ್ತಿ ಆ ಅಂಗೈಗೆ ತಟ್ಟಿದರು. ಸದ್ದು ಹಾಲಿನ ಆ ತುದಿಗೆ ಹೋಗಿ, ಗೋಡೆ ಮುಟ್ಟಿ, ನಿಧಾನವಾಗಿ ಇಬ್ಬರ ಹತ್ತಿರಕ್ಕೂ ವಾಪಸು ಬಂತು. ಕೈಗಳನ್ನು ಮಾತ್ರ ಇಬ್ಬರೂ ವಾಪಸು ತೆಗೆದುಕೊಳ್ಳಲಿಲ್ಲ.